ಒಂದೇ ಎಳೆತದ ಗಾಡಿ

ಅನ್ನೂರಿನ ಸುತ್ತ ಹತ್ತು ಮೈಲಿಯಲ್ಲಿ ನಂಜಪ್ಪನ್ ಕೈಯಿಟ್ಟ ಮೇಲೂ ಸ್ಟಾರ್ಟ್ ಆಗದ ಗಾಡಿ ಇಲ್ಲ ಎಂದು ಜನ ಹೇಳುತ್ತಿದ್ದರು. ಜನರ ಮಾತು ಹಾಗಿರಲಿ, ಅವನೇ ಹೇಳಿಕೊಳ್ಳುತ್ತಿದ್ದ. ಸತ್ಯಮಂಗಲದ ರಸ್ತೆಯ ಅಂಚಿಗೆ ಅವನದೊಂದು ತಗಡಿನ ಶೆಡ್ಡು. ಒಳಗೆ ಇಪ್ಪತ್ತು ವರ್ಷ ಹಳೆಯ ಮೊಪೆಡ್ಡುಗಳು, ತೋಟಕ್ಕೆ ಔಷಧಿ ಹೊಡೆಯುವ ಪೆಟ್ರೋಲ್ ಪಂಪುಗಳು. ಎಲ್ಲಕ್ಕೂ ಒಂದೇ ಕಾಯಿಲೆ, ಬೆಳಗಿನ ಚಳಿಗೆ ಎಂಜಿನ್ ಏಳುವುದಿಲ್ಲ. ಹೊಸಕಾಲದ ಮೆಕ್ಯಾನಿಕ್ಕುಗಳಿಗೆ ಕಾರ್ಬುರೇಟರ್ ಬಿಚ್ಚುವುದೇ ಮರೆತುಹೋಗಿತ್ತು. ನಂಜಪ್ಪನ್ ಮಾತ್ರ ಸೈಲೆನ್ಸರಿನ ಹೊಗೆಯನ್ನು ಒಮ್ಮೆ ಮೂಸಿ, ಪೆಟ್ರೋಲ್ ಹೆಚ್ಚೋ ಗಾಳಿ ಹೆಚ್ಚೋ ಹೇಳಿಬಿಡುತ್ತಿದ್ದ.

"ಒಲೆ ಮೇಲೆ ಸಾರು ಸೀದ್ರೆ ಈ ಮೂಗಿಗೆ ಗೊತ್ತಾಗಲ್ಲ. ಸೈಲೆನ್ಸರ್ ಮಾತ್ರ ಗೊತ್ತಾಗ್ತದೆ" ಎಂದು ಹೆಂಡತಿ ರಾಮಾಯಿ ಅಣಕಿಸುತ್ತಿದ್ದಳು.

ಒಂದು ವಿದ್ಯೆ ಚೆನ್ನಾಗಿ ಕೈಗೆ ಹತ್ತಿದರೆ ಅದರ ಬೆನ್ನಿಗೇ ಒಂದಿಷ್ಟು ಜಂಬವೂ ಬರುತ್ತದೆ. ಅದನ್ನು ನಾನು ತಪ್ಪೆನ್ನಲಾರೆ. ಆದರೆ ಆ ಜಂಬ ಈ ಮನೆಯನ್ನು ಏನು ಮಾಡಿತೆಂದು ಕೇಳಿ.

ರಾಮಾಯಿ ಇಪ್ಪತ್ತೆರಡು ವರ್ಷ ಊರಾಚೆಯ ನೂಲಿನ ಮಿಲ್ಲಿನಲ್ಲಿ ಕಡಿದ ಎಳೆ ಕೂಡಿಸುವ ಕೆಲಸ ಮಾಡಿದವಳು. ಮಿಲ್ಲು ಮುಚ್ಚಿತು. ಮಗಳು ಸರಣ್ಯಾ ಮದುವೆಯಾಗಿ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗೆ ಹೋಗುತ್ತಿದ್ದಳು. ಮನೆಯಲ್ಲಿ ಕೂತು ರಾಮಾಯಿಗೆ ಹುಚ್ಚು ಹಿಡಿಯುವುದೊಂದು ಬಾಕಿ. "ಕೈ ಸುಮ್ನಿದ್ರೆ ಜೋಮು ಹಿಡೀತದೆ. ಯಾವ್ದಾದ್ರೂ ವೇಲೆ ನೋಡಿ ಕೊಡಿ" ಎಂದು ದಿನಾ ಗಂಡನ ಪ್ರಾಣ ತಿನ್ನುತ್ತಿದ್ದಳು. ವೇಲೆ ಎಂದರೆ ಕೆಲಸ. ಅವರ ಮನೆಯ ಕನ್ನಡದಲ್ಲಿ ತಮಿಳು ಎಷ್ಟು, ಕನ್ನಡ ಎಷ್ಟು ಎಂದು ಅವರಿಗೇ ಗೊತ್ತಿರಲಿಲ್ಲ.

ಆ ಮುಚ್ಚಿದ ಮಿಲ್ಲಿನ ಹತ್ತಿ ಗೋದಾಮನ್ನು ಮೋಹನ್ ರಾಜ್ ಎಂಬವನು ಹಿಡಿದ. ಅವನೂ ಇವರ ಮನೆಮಾತಿನವನೇ, ಒಕ್ಕಲುತನ ಬಿಟ್ಟು ವ್ಯಾಪಾರಕ್ಕಿಳಿದ ಮನೆಯವನು. ಗೋಡೆಗೆಲ್ಲ ಥರ್ಮಕೋಲ್ ಹೊಡೆಸಿ, ದೊಡ್ಡ ಕೂಲಿಂಗ್ ಮಿಷನ್ ಇಟ್ಟು, ನೆಲಕ್ಕೆ ತುರಿದ ಐಸು ಸುರಿಸಿ ಹಿಮದ ಹಾಲ್ ಮಾಡಿದ. ಟಿಕೆಟ್ ಕೊಂಡವರಿಗೆ ದಪ್ಪ ಜಾಕೆಟ್ಟು, ಬೂಟು, ಅರ್ಧ ಗಂಟೆ ಹಿಮದಲ್ಲಿ ಆಟ. ಮಾರ್ಗಳಿ ತಿಂಗಳ ಚಳಿಯಲ್ಲಿ ಕಿವಿಗೆ ಮಫ್ಲರ್ ಸುತ್ತದೆ ಹಾಲು ತರಲು ಹೋಗದ ಜನ ದುಡ್ಡು ಕೊಟ್ಟು ನಡುಗಲು ಬರುತ್ತಾರೆಂದು ಯಾರು ಅಂದುಕೊಂಡಿದ್ದರು! ಹಾಲ್ ತೆರೆಯುವ ಮೊದಲೇ ಟಿಕೆಟ್ ಕೇಳಿಕೊಂಡು ಬಂದರು.

ಅಷ್ಟು ಸಾಲದೆಂದು ಮೋಹನ್ ರಾಜ್ ಉತ್ತರದ ಕಡೆಯ ಯಾವುದೋ ಗುಜರಿಯಿಂದ ಒಂದು ಹಳೆಯ ಹಿಮದ ಸ್ಕೂಟರನ್ನು ಲಾರಿಯಲ್ಲಿ ಹೇರಿಸಿ ತಂದ. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ಅಗಲದ ರಬ್ಬರ್ ಪಟ್ಟೆ, ನಡುವೆ ಟೂ ಸ್ಟ್ರೋಕ್ ಎಂಜಿನ್, ಪಕ್ಕದಲ್ಲಿ ಸ್ಟಾರ್ಟ್ ಮಾಡಲು ಎಳೆಯುವ ಹಗ್ಗ. ಅದರ ಹಿಂದೆ ಸಣ್ಣದೊಂದು ತಳ್ಳುಬಂಡಿಯಂಥದನ್ನು ಕಟ್ಟಿ ಮಕ್ಕಳನ್ನು ಸುತ್ತಿಸಬೇಕೆಂಬುದು ಅವನ ಆಸೆ.

"ಅಣ್ಣಾ, ನಿಮ್ಮನ್ ಬುಟ್ರೆ ಇದನ್ನ ಎಬ್ಬಿಸೋರು ಈ ಜಿಲ್ಲೇಲೇ ಇಲ್ಲ" ಎಂದ ಮೋಹನ್ ರಾಜ್. "ಇದು ಓಡಿದ್ರೆ ರಾಮಾಯಕ್ಕಂಗೆ ಒಳಗಡೆ ವೇಲೆ. ಖಾಯಂ."

"ಐಸ್ ಗಾಡಿನಾ? ನೋಡೋಣುಂಗ" ಎಂದ ನಂಜಪ್ಪನ್. ಉಂಗ ಎಂದರೆ ಆ ಸೀಮೆಯ ‘ರೀ’. ಒಳಗೊಳಗೇ ಅವನಿಗೆ ಮದುವೆ ಗಂಡಿನಷ್ಟು ಸಡಗರ.

ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಹಗ್ಗ ಎಳೆದರೆ ಗಾಡಿ ಐದಾರು ಎಳೆತಕ್ಕೆ ಕೆಮ್ಮಿ ಎದ್ದಿತು. ಒಳಗೆ ತಳ್ಳಿಕೊಂಡು ಹೋಗಿ ಎರಡು ಗಂಟೆ ಹಿಮದಲ್ಲಿ ಬಿಟ್ಟರೆ ಕಲ್ಲು. ನಲವತ್ತು ಸಲ ಎಳೆದ. ರಟ್ಟೆ ಬಿದ್ದುಹೋಯಿತೇ ಹೊರತು ಎಂಜಿನ್ ಗೊರಕ್ ಎನ್ನಲಿಲ್ಲ. ಪ್ಲಗ್ ಬಿಚ್ಚಿ ನೋಡಿದ. ಒಣಗಿತ್ತು. ಪೆಟ್ರೋಲೇ ಬರುತ್ತಿಲ್ಲ ಎಂದಾಯಿತು.

ಕಾರ್ಬುರೇಟರ್ ಬಿಚ್ಚಿದ. ತಳದ ಬಟ್ಟಲಲ್ಲಿ ವರ್ಷಗಟ್ಟಲೆ ನಿಂತ ಪೆಟ್ರೋಲ್ ಒಣಗಿ ಹಲಸಿನ ಅಂಟಿನಂತೆ ಹಿಡಿದಿತ್ತು. ಬಿಡಿಭಾಗಗಳನ್ನೆಲ್ಲ ಒಂದು ಹಗಲು ಥಿನ್ನರಿನಲ್ಲಿ ನೆನೆಸಿದ. ಪೆಟ್ರೋಲ್ ಹಾಯುವ ಸಣ್ಣ ಜೆಟ್ಟನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿರಲಿಲ್ಲ. ಬ್ರೇಕ್ ಕೇಬಲ್ಲಿನಿಂದ ಒಂದೇ ಒಂದು ಎಳೆ ಬಿಡಿಸಿ, ತೂತಿನಲ್ಲಿ ಮೆಲ್ಲಗೆ ಆಡಿಸಿ, ಗಾಳಿ ಹೊಡೆದ. ಸೂಜಿ ಹಾಕುವವನು ಮೆಕ್ಯಾನಿಕ್ಕೇ ಅಲ್ಲ, ಜೆಟ್ಟಿನ ಕಣ್ಣು ದೊಡ್ಡದಾದರೆ ಎಂಜಿನ್ ಕೆಟ್ಟಿತೆಂದೇ ಲೆಕ್ಕ ಎಂದು ಅವನು ಬಂದವರಿಗೆಲ್ಲ ಪಾಠ ಹೇಳುತ್ತಿದ್ದವನು. ಚೋಕಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹಳೆ ಮೊಪೆಡ್ಡಿನದನ್ನು ಕತ್ತರಿಸಿ ಕೂರಿಸಿದ. ಫ್ಲೋಟಿನ ಎತ್ತರ ಸರಿ ಮಾಡಿದ. ಮತ್ತೆ ಒಳಗೆ ತಂದು ತಣಿಸಿ ಎಳೆದ. ಹದಿನೈದನೆಯ ಎಳೆತಕ್ಕೆ ಎದ್ದಿತು, ಕೆಮ್ಮಿತು, ಸತ್ತಿತು.

ಥಂಡಿ ಗಾಳಿ ದಪ್ಪ, ದಪ್ಪ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು ಎಂಬುದು ಅವನಿಗೆ ಗೊತ್ತಿತ್ತು. ಒಂದು ಅಳತೆ ದೊಡ್ಡ ಜೆಟ್ಟಿಗಾಗಿ ಕೋಯಮತ್ತೂರಿನ ಅಂಗಡಿ ಅಂಗಡಿ ತಿರುಗಿದ. ಆ ಗಾಡಿಗೆ ಆಗುವಂಥದ್ದು ಎಲ್ಲೂ ಸಿಗಲಿಲ್ಲ. ಬಂದವನೇ ಶೆಡ್ಡಿನಲ್ಲಿ ಕೂತು, ತಾನು ಯಾರಿಗೂ ಮಾಡಬೇಡಿರೆಂದು ಹೇಳುತ್ತಿದ್ದ ಕೆಲಸವನ್ನೇ ಮಾಡಿದ. ಕೂದಲೆಳೆಯಷ್ಟು ಸಣ್ಣ ಬೈರಿಗೆಯನ್ನು ಬೆರಳಲ್ಲೇ ತಿರುಗಿಸಿ ಜೆಟ್ಟಿನ ಕಣ್ಣನ್ನು ತುಸು ಹಿಗ್ಗಿಸಿದ. ಈಗ ಎಂಟನೆಯ ಎಳೆತಕ್ಕೆ ಎದ್ದು ನೆಟ್ಟಗೆ ಓಡಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ನಾನು ಈ ಕಥೆ ಹೇಳುವ ಹಣೆಬರಹವೂ ಇರುತ್ತಿರಲಿಲ್ಲ.

"ಎಂಟ್ ಎಳೆತ ಅಂದ್ರೆ ಜನ ನಗ್ತಾರಲ್ಲಣ್ಣಾ" ಎಂದ ಮೋಹನ್ ರಾಜ್. ನಂಜಪ್ಪನ್ನಿಗೆ ಅಷ್ಟು ಸಾಕಾಯಿತು. ಜೆಟ್ಟಿನ ಕಣ್ಣನ್ನು ಇನ್ನೊಮ್ಮೆ ಹಿಗ್ಗಿಸಿದ. ಗಾಳಿಯ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದ. ಚೋಕು ಪೂರ್ತಿ ಮುಚ್ಚದೆ ಪೆಟ್ರೋಲ್ ಹೆಚ್ಚಾಗಿಯೇ ಹಾಯುವ ಹಾಗೆ ಸಣ್ಣದೊಂದು ತಡೆ ಕೊಟ್ಟ. ಗಾಡಿಯನ್ನು ಇಡೀ ಮಧ್ಯಾಹ್ನ ಹಿಮದಲ್ಲಿ ಬಿಟ್ಟು, ಎಲ್ಲರನ್ನೂ ಕರೆದು, ಎಡಗೈಯಲ್ಲಿ ಹಗ್ಗ ಎಳೆದ. ಒಂದೇ ಎಳೆತ! ಎಂಜಿನ್ ಹೂಂಕರಿಸಿ ಎದ್ದಿತು. ಗಾಡಿ ಓಡಿಸಲು ನೇಮಿಸಿದ್ದ ಸತೀಶ್‌ಕುಮಾರ್ ಸೀಟಿ ಹೊಡೆದ.

ಸೈಲೆನ್ಸರಿನಿಂದ ಕಪ್ಪು ಹೊಗೆ ಬಂತು. ಕಣ್ಣು ಉರಿಯಿತು. ನಂಜಪ್ಪನ್ ಮೂಸಿದ. ಪೆಟ್ರೋಲ್ ಹೆಚ್ಚಾಗಿದೆ, ತೀರಾ ಹೆಚ್ಚಾಗಿದೆ ಎಂದು ಆ ಮೂಗಿಗೆ ಆ ಕ್ಷಣವೇ ತಿಳಿಯಿತು. ಮುಚ್ಚಿದ ಜಾಗದಲ್ಲಿ ಹೊಗೆ ವಿಷವೆಂದು ಬಲ್ಲವನು, ತನ್ನ ಶೆಡ್ಡಿನಲ್ಲಿ ಎಂದೂ ಶಟರ್ ಎಳೆದು ಎಂಜಿನ್ ಓಡಿಸಿದವನಲ್ಲ ಅವನು. ತಲೆಯೆತ್ತಿ ನೋಡಿದರೆ ಗೋದಾಮಿನ ಗೋಡೆಯ ಎರಡು ಗಾಳಿ ಫ್ಯಾನುಗಳ ಬಾಯಿಗೂ ಥರ್ಮಕೋಲ್ ತುರುಕಿ ಟೇಪ್ ಹೊಡೆದಿತ್ತು.

"ತಂಬೀ, ಆ ಫ್ಯಾನು?"

"ಕುಳ್ರು, ಥಂಡಿಯೆಲ್ಲ ಅದ್ರಲ್ಲೇ ಹೋಗ್ಬುಡ್ತದಣ್ಣಾ. ಕರೆಂಟ್ ಎಷ್ಟು ತಿಂತದೆ ಗೊತ್ತಾ ಆ ಮಿಷನ್ನು? ದಿನಕ್ಕೆ ಹತ್ತು ರೌಂಡು ಓಡಿದ್ರೆ ಹೆಚ್ಚು. ಏನಾಗಲ್ಲ."

"ಸೆರಿಂಗ" ಎಂದ ನಂಜಪ್ಪನ್.

ಹಾಲ್ ತೆರೆದ ದಿನ ಜನವೋ ಜನ. ಸತೀಶ್‌ಕುಮಾರ್ ಹಗ್ಗ ಎಳೆದಾಗ ಎಲ್ಲರ ಕೈಯಲ್ಲೂ ಫೋನು. "ಒಂದೇ ಎಳೆತ ಪಾರ್, ನೋಡು!" ಎಂದು ಯಾರೋ ಕೂಗಿದ್ದು ವಿಡಿಯೋದಲ್ಲಿ ಸೇರಿ ಊರೂರು ಸುತ್ತಿತು. ಅವಿನಾಶಿಯಿಂದ, ಮೇಟುಪಾಳಯದಿಂದ ಹಳೆ ಗಾಡಿ ತಳ್ಳಿಕೊಂಡು ಬಂದವರು ನಂಜಪ್ಪನ್ ಶೆಡ್ಡಿನ ಮುಂದೆ ಸಾಲುಗಟ್ಟಿದರು. ರಾಮಾಯಿಗೂ ಮಾತಿನಂತೆ ಕೆಲಸ ಸಿಕ್ಕಿತು. ಹಾಲ್‌ನ ಒಳಗೆ ನಿಂತು ಮಕ್ಕಳನ್ನು ಬಂಡಿಗೆ ಹತ್ತಿಸುವುದು, ಪಟ್ಟಿ ಕಟ್ಟುವುದು, ಇಳಿಸುವುದು. ಬೆಳಿಗ್ಗೆ ಹತ್ತಕ್ಕೆ ಒಳಹೊಕ್ಕರೆ ಊಟಕ್ಕೊಂದು ಸಲ ಹೊರಗೆ, ಆಮೇಲೆ ಸಂಜೆ ಆರಕ್ಕೇ.

"ನಮ್ಮನೆಯೋರು ರೆಡಿ ಮಾಡಿದ ಗಾಡಿ, ಗಟ್ಟಿ ಹಿಡ್ಕೊ ಕಂದಾ" ಎಂದು ಒಂದೊಂದು ಮಗುವಿಗೂ ಹೇಳುತ್ತಿದ್ದಳಂತೆ.

ದಿನಕ್ಕೆ ಹತ್ತು ರೌಂಡು ಎಂದದ್ದು ನಲವತ್ತಾಯಿತು, ಅರವತ್ತಾಯಿತು. ಪೆಟ್ರೋಲ್ ವಾಸನೆ ಎಂದು ನಾಲ್ಕು ಜನ ಮೂಗು ಮುಚ್ಚಿಕೊಂಡರು. ಮೋಹನ್ ರಾಜ್ ಫ್ಯಾನಿನ ಬಾಯಿ ತೆಗೆಸಿದನೇ? ಎಲ್ಲಿಯ ಮಾತು! ಮೂಲೆಮೂಲೆಗೆ ಮಲ್ಲಿಗೆ ಸೆಂಟ್ ಚಿಮುಕಿಸುವ ಡಬ್ಬಿ ನೇತುಹಾಕಿಸಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ವಾಸನೆ ಹೋಯಿತು.

ನಾಲ್ಕನೆಯ ದಿನ ರಾಮಾಯಿ ಮನೆಗೆ ಬಂದವಳು ಹಣೆ ಹಿಡಿದುಕೊಂಡು ಜಗಲಿಯಲ್ಲಿ ಕೂತಳು.

"ಏನುಂಗ, ತಲವಲಿ. ಎರಡೂ ಕಡೆ ಸುತ್ತಿಗೆ ಹಾಕಿ ಬಡೀತದೆ."

"ಕುಳ್ರು ಕಿವಿಗೆ ಹೊಕ್ಕಿರ್ತದೆ. ಇಲ್ನೋಡು, ಹಂಗೇ ತಲೆ ಬಿಟ್ಕೊಂಡ್ ನಿಲ್ತಿದ್ಯಾ?"

ಕಿವಿಗೆ ಶೀತ ಹೊಕ್ಕರೆ ತಲೆನೋವು ಎಂಬುದು ಆ ಸೀಮೆಯ ವೇದವಾಕ್ಯ. ಅದರ ಮೇಲೆ ಮಿಲ್ಲಿನ ಹೆಂಗಸರಿಗೆ ಕಿವಿಗೆ ಹತ್ತಿ ಇಡುವುದು ಹುಟ್ಟುಗುಣದಂತೆ. ಇಪ್ಪತ್ತೆರಡು ವರ್ಷ ಮಿಷನ್ನಿನ ಸದ್ದಿಗೆ ಇಟ್ಟುಕೊಂಡವಳು, ಇನ್ನು ಚಳಿಗೆ ಇಟ್ಟುಕೊಳ್ಳಲು ಎಷ್ಟು ಹೊತ್ತು? ಮರುದಿನ ಬೆಳಿಗ್ಗೆ ನಂಜಪ್ಪನ್ ತಾನೇ ಪಂಜು, ಅಂದರೆ ಹತ್ತಿ, ಉರುಟಿ, ಎರಡು ಕಿವಿಗೂ ಇಟ್ಟು, ಮೇಲೆ ಮಫ್ಲರ್ ಬಿಗಿದು ಕಳಿಸಿದ. ಹಾಲ್‌ನವರಿಗೂ ಅದೇ ಸರಿ ಕಂಡಿತು. ರಾಮಾಯಕ್ಕನಿಗೆ ಚಳಿ ಆಗಿಬರುತ್ತಿಲ್ಲ ಎಂದು ಗಾಳಿ ಬರುತ್ತಿದ್ದ ಬಾಗಿಲ ಸಂದಿಗೂ ಗೋಣಿತಾಟು ಸಿಕ್ಕಿಸಿದರು. ಅಯ್ಯೋ, ಒಳ್ಳೆಯದು ಮಾಡುತ್ತೇವೆಂದೇ ಮಾಡಿದರು ಕಣ್ರೀ!

ತಲೆನೋವು ಹೋಗಲಿಲ್ಲ. ದಿನಾ ಮಧ್ಯಾಹ್ನ ಹಿಡಿಯುವುದು, ಮನೆಗೆ ಬಂದು ಒಂದೆರಡು ಗಂಟೆಗೆ ಇಳಿಯುವುದು. ಒಂದು ದಿನ ಮೆಟ್ಟಿಲಲ್ಲಿ ವಾಂತಿ ಮಾಡಿಕೊಂಡಳು. ನಂಜಪ್ಪನ್ ಶುಂಠಿ ಕಷಾಯ ಕಾಸಿದ, ಮುಲಾಮು ತಿಕ್ಕಿದ, ಆವಿ ಹಿಡಿಸಿದ. ಪ್ರೀತಿಯಲ್ಲಿ ಏನೂ ಕಡಿಮೆ ಇರಲಿಲ್ಲ.

ಬುಧವಾರ ಹಾಲ್‌ಗೆ ರಜೆ. ಅವತ್ತು ರಾಮಾಯಿ ಇಡೀ ದಿನ ಮನೆ ಗುಡಿಸಿ, ಬಟ್ಟೆ ಒಗೆದು, ಸಂಜೆ ಕಡಲೆಕಾಯಿ ಹುರಿಯುತ್ತ ಕೂತಳು.

"ನೋಡಿದ್ರಾ, ನಂಗೆ ಲೀವು ಅಂದ್ರೆ ತಲವಲಿಗೂ ಲೀವು!" ಎಂದು ನಕ್ಕಳು.

ನಂಜಪ್ಪನ್ನೂ ನಕ್ಕ. ಕಡಲೆಕಾಯಿ ಬಾಯಿಗೆ ಹಾಕಿಕೊಂಡವನು ಅಗಿಯುವುದನ್ನು ನಿಲ್ಲಿಸಿದ. ಆ ಕಪ್ಪು ಹೊಗೆ, ಆ ಥರ್ಮಕೋಲ್ ಅವನ ಕಣ್ಣಮುಂದೆ ಬಂದವು. ಶೆಡ್ಡಿಗೆ ಹೋಗಿ ಬರುತ್ತೇನೆಂದು ಸ್ಕ್ರೂಡ್ರೈವರ್ ಜೇಬಿಗಿಟ್ಟು ನೇರ ಹಾಲ್‌ಗೆ ಹೋದ. ಕಾವಲಿನವನು ಗುರುತಿನವನು, ಬಾಗಿಲು ತೆಗೆದ. ನಂಜಪ್ಪನ್ ಗಾಡಿಯ ಗಾಳಿಯ ಸ್ಕ್ರೂವನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿದ. ಚೋಕಿಗೆ ಕೊಟ್ಟಿದ್ದ ತಡೆ ತೆಗೆದ. ಹಗ್ಗ ಎಳೆದ. ನಾಲ್ಕನೆಯ ಎಳೆತಕ್ಕೆ ಎದ್ದಿತು. ಆರಿಸಿ, ತಣಿಸಿ, ಮತ್ತೆ ಎಳೆದ. ಐದು.

ಹೊಗೆ ಆಗಲೇ ತಿಳಿಯಾಗಿತ್ತು. ಅವನ ಮೂಗು ಅದನ್ನೂ ಹೇಳಿತು.

ಆದರೆ ನಾಳೆ ಯಾವುದೋ ಶಾಲೆಯ ಇನ್ನೂರು ಮಕ್ಕಳು ಬರುವವರಿದ್ದರು. ಜನ ಬರುವುದೇ ಆ ಒಂದು ಎಳೆತ ನೋಡಲು. ಐದು ಸಲ ಎಳೆದರೆ ಸತೀಶ್‌ಕುಮಾರ್ ಹಲ್ಲು ಕಿರಿಯುತ್ತಾನೆ, ಮೋಹನ್ ರಾಜ್ ಫೋನ್ ಮಾಡುತ್ತಾನೆ, ನಂಜಪ್ಪನ್ ಕೈ ಬಿದ್ದುಹೋಯಿತು ಎಂದು ಊರು ಆಡಿಕೊಳ್ಳುತ್ತದೆ. ಪೊಂಗಲ್ ಒಂದು ಕಳೆಯಲಿ, ಜನ ಕಡಿಮೆಯಾದ ಮೇಲೆ ಸರಿ ಮಾಡಿದರಾಯಿತು ಎಂದುಕೊಂಡ. ಸ್ಕ್ರೂವನ್ನು ಮತ್ತೆ ಒಳಕ್ಕೆ ತಿರುಗಿಸಿದ. ತಡೆಯನ್ನು ಇದ್ದಲ್ಲೇ ಇಟ್ಟ. ಒಮ್ಮೆ ಎಳೆದು, ಒಂದೇ ಎಳೆತಕ್ಕೆ ಏಳುತ್ತದೆಂದು ನೋಡಿಕೊಂಡು ಮನೆಗೆ ಬಂದ. ಮರುದಿನ ಬೆಳಿಗ್ಗೆ ಹೆಂಡತಿಯ ಕಿವಿಗೆ ಹೊಸ ಪಂಜು ಇಟ್ಟ.

ಥೂ, ನಿನ್ನ ಕೈಗೆ ಬೆಂಕಿ ಬೀಳ ಎನ್ನಬೇಕೆನಿಸುತ್ತದೆ ನನಗೆ. ಆದರೂ ಹೇಳುತ್ತೇನೆ, ಆ ಕೈ ಅವತ್ತು ಬಲು ಮೆತ್ತಗೆ ಇಟ್ಟಿತು.

ಕಾಣುಂ ಪೊಂಗಲ್ ದಿನ, ಅಂದರೆ ಹಬ್ಬದ ಕೊನೆಯ ದಿನ, ಊರಿಗೆ ಊರೇ ಹೊರಗೆ ಸುತ್ತುವ ದಿನ. ಹಾಲ್‌ನ ಬಾಗಿಲಿಂದ ರಸ್ತೆಯವರೆಗೆ ಜನ. ಬೆಳಿಗ್ಗೆ ಒಂಬತ್ತಕ್ಕೆ ಎದ್ದ ಎಂಜಿನ್ ಆರಲೇ ಇಲ್ಲ. ರಾಮಾಯಿಗೆ ಊಟಕ್ಕೂ ಹೊರಗೆ ಬರಲಾಗಲಿಲ್ಲ. ಮೂರು ಗಂಟೆಯ ಹೊತ್ತಿಗೆ, "ಒಂಚೂರು ಕೂತ್ಕೊಂಡ್ ಬತ್ತೀನಿ" ಎಂದು ಸತೀಶ್‌ಕುಮಾರನಿಗೆ ಹೇಳಿ, ಹಿಂಬದಿಯಲ್ಲಿ ಮಕ್ಕಳ ಆಟಕ್ಕೆಂದು ಕಟ್ಟಿದ್ದ ಪ್ಲಾಸ್ಟಿಕ್ ಗವಿಯೊಳಗೆ ಹೋದಳು. ಅವನು ಬೀಡಿಗೆಂದು ಗಳಿಗೆಗೊಮ್ಮೆ ಹೊರಗೆ ಹೋಗುತ್ತಿದ್ದವನು. ಹಾಗಾಗಿ ಅವನಿಗೆ ತಲೆ ಭಾರ ಅಷ್ಟೇ. ನೋಡಲು ಬಂದ ಜನ ಅರ್ಧ ಗಂಟೆಗೆ ಆಚೆ. ಇಡೀ ದಿನ ಅದೇ ಗಾಳಿ ಉಸಿರಾಡಿದವಳು ಅವಳೊಬ್ಬಳೇ. ನಾಲ್ಕು ಗಂಟೆಗೆ ಯಾವುದೋ ಮಗು, "ಒಳಗೆ ಅಜ್ಜಿ ಮಲಗಿದ್ದಾಳೆ, ಎಬ್ಬಿಸಿದರೆ ಏಳುತ್ತಿಲ್ಲ" ಎಂದು ತಾಯಿಗೆ ಹೇಳಿತು.

ನಂಜಪ್ಪನ್ ಓಡಿ ಬಂದಾಗ ಅವಳನ್ನು ಹೊರಗೆ ಬೇಂಚಿನ ಮೇಲೆ ಮಲಗಿಸಿದ್ದರು. ಕೆನ್ನೆ ಎರಡೂ ಕೆಂಪಗಿದ್ದವು. "ಕುಳ್ರಿಗೆ ಮೊಕ ಕೆಂಪಾಗಿದೆ, ಏನಿಲ್ಲ, ಬಿಸಿ ನೀರು ಕೊಡಿ" ಎನ್ನುತ್ತಿದ್ದರು ಯಾರೋ. ನಂಜಪ್ಪನ್ ಅವಳ ಕಿವಿಯಿಂದ ಪಂಜು ಕಿತ್ತು, "ರಾಮಾಯೀ! ಯೇ ರಾಮಾಯೀ!" ಎಂದು ಕಿರುಚಿದ. ರೆಪ್ಪೆ ಅಲುಗಲಿಲ್ಲ.

ಕೋಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಏನು ಉಸಿರಾಡಿದರು ಎಂದು ಕೇಳಿದಾಗ, ಕೂಲಿಂಗ್ ಗ್ಯಾಸ್ ಇರಬೇಕು ಸಾರ್ ಎಂದ ಮೋಹನ್ ರಾಜ್. "ಅಲ್ಲ. ಎಂಜಿನ್ ಹೊಗೆ" ಎಂದ ನಂಜಪ್ಪನ್. ಅದೊಂದು ನಿಜವನ್ನು ಅವನು ತಡಮಾಡದೆ ಹೇಳಿದ. ಅದರಿಂದಲೇ ಅವಳು ಬದುಕಿದಳು.

ಮೂರನೆಯ ದಿನ ಕಣ್ಣು ಬಿಟ್ಟಳು. ಗಂಡನ ಗುರುತು ಹಿಡಿದಳು, ತಿರುಪ್ಪೂರಿನಿಂದ ಓಡಿಬಂದಿದ್ದ ಸರಣ್ಯಳ ಗುರುತು ಹಿಡಿದಳು, "ಯಾಕೇ ಅಳ್ತಿ, ನಾನೇನ್ ಸತ್ತೋದ್ನಾ?" ಎಂದು ಬೈದಳು. ಎಲ್ಲರೂ ದೇವರಿಗೆ ಕೈ ಮುಗಿದರು. ಮನೆಗೆ ಬಂದ ಮೇಲೆ ಗೊತ್ತಾಯಿತು. ಮಿಲ್ಲು, ಮದುವೆ, ಮಗಳು ಹುಟ್ಟಿದ್ದು, ಹಾಲ್‌ನಲ್ಲಿ ಕೆಲಸ ಸಿಕ್ಕಿದ್ದು, ಎಲ್ಲ ನೆನಪಿದೆ. ಹಾಲ್‌ನಲ್ಲಿ ಕಳೆದ ದಿನಗಳು ನೆನಪಿಲ್ಲ. ಹೊಸದಾಗಿ ನಡೆದದ್ದು ಮಾತ್ರ ಎರಡು ಮೂರು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕಿಲ್ಲ. ಹೊಗೆಗೆ ತಲೆಯೊಳಗಿನ ಒಂದು ಜಾಗ ಕೆಟ್ಟಿದೆ, ಅದು ಮತ್ತೆ ಸರಿಯಾಗುವುದು ಕಷ್ಟ ಎಂದರು ಡಾಕ್ಟರು.

ಮೋಹನ್ ರಾಜ್ ಹಾಲ್ ಮುಚ್ಚಿದ. ಕೂಲಿಂಗ್ ಮಿಷನ್ನಿನ ಪೈಪು ಒಡೆದು ಗ್ಯಾಸ್ ಸೋರಿತು ಎಂದು ಊರಲ್ಲಿ ಹೇಳಿದ. ಊರು ನಂಬಿತು. ಊರೆಲ್ಲ ನಂಜಪ್ಪನ್ ಮನೆಗೆ ಬಂದು ಅಯ್ಯೋ ಪಾಪ ಎಂದಿತು. ಅವನು ಬಾಯಿ ಬಿಡಲಿಲ್ಲ. ಶೆಡ್ಡಿಗೆ ಬೀಗ ಹಾಕಿ, ಅಡುಗೆ ಮಾಡುತ್ತ, ಅವಳ ತಲೆ ಬಾಚುತ್ತ ಮನೆಯಲ್ಲೇ ಉಳಿದ.

ದಿನಾ ಬೆಳಿಗ್ಗೆ ಅವಳದು ಒಂದೇ ಆಟ. ಎದ್ದು, ಮುಖ ತೊಳೆದು, ಊಟದ ಡಬ್ಬಿ ಹುಡುಕುವುದು. "ಟೈಮಾಯ್ತು, ಹಾಲ್‌ಗೆ ಹೋಗ್ಬೇಕು." ಹೋಗಬೇಡವೆಂದರೆ, ಯಾಕೆ ಎಂದು ಕೇಳುವುದು. "ನಂಗೇನಾಗಿದೆ? ಹೇಳಿ. ನಿಮ್ ಮೊಕ ನೋಡಿದ್ರೆ ಏನೋ ಆಗಿದೆ."

ಹಲವು ದಿನ ಏನೇನೋ ಹೇಳಿ ನೂಕಿದ. ಆಮೇಲೊಂದು ದಿನ ತಡೆಯಲಾಗಲಿಲ್ಲ. ಅವಳ ಮುಂದೆ ನೆಲದಲ್ಲಿ ಕೂತು, "ಆ ಗಾಡಿ ಸ್ಟಾರ್ಟ್ ಆಗ್ಲೀಂತ ನಾನು ಜೆಟ್ ದೊಡ್ಡದು ಮಾಡ್ದೆ. ಹೊಗೆ ಹೆಚ್ಚಾಯ್ತು. ಹೊಗೆ ನಿನ್ ತಲೆಗೆ ಹೋಯ್ತು. ನನ್ನಿಂದ್ಲೇ ಹಿಂಗಾಯ್ತು ರಾಮಾಯಿ" ಎಂದು ಬಿಕ್ಕಿದ.

ರಾಮಾಯಿ ಸೆರಗಿನಿಂದ ಅವನ ಕಣ್ಣೊರೆಸಿದಳು.

"ನೀವೇನ್ ಬೇಕೂಂತ ಮಾಡಿದ್ರಾ? ಗೊತ್ತಿದ್ರೆ ಮಾಡ್ತಿದ್ರಾ? ಬುಡಿ. ಹಣೇಲಿ ಬರ್ದಿದ್ದು. ಅಳ್ಬೇಡಿ, ಮೀಸೆ ನರೆತ ಗಂಡ್ಸು."

ಎದೆಯ ಮೇಲಿನ ಕಲ್ಲು ಇಳಿಯಿತು ಅವನಿಗೆ. ಅವತ್ತು ಹೊಟ್ಟೆ ತುಂಬ ಉಂಡ. ಮರುದಿನ ಬೆಳಿಗ್ಗೆ ರಾಮಾಯಿ ಡಬ್ಬಿ ಹುಡುಕುತ್ತ, "ನಂಗೇನಾಗಿದೆ?" ಎಂದಳು. ನಿನ್ನೆಯದು ಒಂದಕ್ಷರವೂ ಉಳಿದಿರಲಿಲ್ಲ. ನಂಜಪ್ಪನ್ ಮತ್ತೆ ಹೇಳಿದ. ಅವಳು ಮತ್ತೆ, "ಬುಡಿ, ಗೊತ್ತಿದ್ರೆ ಮಾಡ್ತಿದ್ರಾ?" ಎಂದಳು.

ಅದು ಅವನಿಗೆ ಬೆಳಗಿನ ಕಾಫಿಯ ಹಾಗೆ ರೂಢಿಯಾಯಿತು. ದಿನಾ ಹೇಳುವುದು, ದಿನಾ ಕ್ಷಮೆ ಪಡೆಯುವುದು. ಹೇಳುತ್ತ ಹೇಳುತ್ತ ಮಾತೂ ನಯವಾಯಿತು. ಥರ್ಮಕೋಲಿನ ಸುದ್ದಿ ಬರುತ್ತಿರಲಿಲ್ಲ. ಬುಧವಾರದ ಸುದ್ದಿ ಮೊದಲಿಂದಲೂ ಬಂದಿರಲಿಲ್ಲ. ಎಂಥ ಮನುಷ್ಯ ನೋಡಿ! ನೆನಪಿಲ್ಲದವಳಿಂದ ದಿನಾ ಒಂದೊಂದು ಕ್ಷಮೆ ಕಡ ತರುತ್ತಿದ್ದ.

ಹೀಗೆ ಒಂದು ತಿಂಗಳು ಹೋಗಿರಬೇಕು. ಒಂದು ಭಾನುವಾರ ಸರಣ್ಯಾ ಬಂದಿದ್ದಳು, ಒಳಗೆ ಬೇಳೆ ಬೇಯಿಸುತ್ತಿದ್ದಳು. ನಂಜಪ್ಪನ್ ಎಂದಿನಂತೆ ಹೇಳಿ ಮುಗಿಸಿ, ಎಂದಿನ ಮಾತಿಗೆ ಕಾದ. ರಾಮಾಯಿ ಅವತ್ತು ಏನೋ ಯೋಚನೆಗೆ ಬಿದ್ದಳು. ನೆನಪು ಹೋಗಿತ್ತೇ ಹೊರತು ಬುದ್ಧಿ ಹೋಗಿರಲಿಲ್ಲ. ಮಿಲ್ಲಿನಲ್ಲಿ ಎಳೆ ಪದೇಪದೇ ಕಡಿದರೆ, ಯಾವಾಗ ಕಡಿಯಿತು ಎಂದು ಕೇಳುವುದು ಆಮೇಲೆ, ಯಾವಾಗ ಕಡಿಯಲಿಲ್ಲ ಎಂದು ಮೊದಲು ಕೇಳುತ್ತಾರೆ. ಅದರಿಂದಲೇ ದೋಷ ಸಿಕ್ಕುವುದು.

"ಹೊಗೆ ಅಂದ್ರಲ್ಲ, ಮೊದ್ಲಿಂದ್ಲೇ ನಂಗೆ ಏನಾದ್ರೂ ಆಯ್ತಿತ್ತಾ?"

"ತಲವಲಿ ಬತ್ತಿತ್ತು."

"ದಿನಾನಾ?"

"ದಿನಾ."

"ಲೀವ್ ದಿವ್ಸ?"

ನಂಜಪ್ಪನ್ ನೆಲ ನೋಡಿದ. "ಲೀವ್ ದಿವ್ಸ ಇರ್ಲಿಲ್ಲ."

"ಅದು ನಿಮ್ಗೆ ಆಗ್ಲೇ ಕಂಡಿತ್ತಾ?"

ಇಲ್ಲ ಎನ್ನಬಹುದಿತ್ತು. ಎರಡು ಗಂಟೆಯಲ್ಲಿ ಅಳಿಸಿಹೋಗುವ ಸುಳ್ಳು, ಯಾರಿಗೆ ನಷ್ಟ? ಆದರೆ ಮೂವತ್ತು ವರ್ಷ ಬಾಳಿದ ಮುಖ ಎದುರಿಗಿತ್ತು, ಅವನಿಗೆ ಆಗಲಿಲ್ಲ. "ಕಂಡಿತ್ತು" ಎಂದ. ಬುಧವಾರದ್ದೆಲ್ಲ ಹೇಳಿದ. ಸ್ಕ್ರೂ ಹೊರಕ್ಕೆ ತಿರುಗಿಸಿದ್ದು, ಹೊಗೆ ತಿಳಿಯಾದದ್ದು, ಐದು ಎಳೆತ ಎಣಿಸಿದ್ದು, ಮತ್ತೆ ಒಳಕ್ಕೆ ತಿರುಗಿಸಿ ಮನೆಗೆ ಬಂದದ್ದು.

ರಾಮಾಯಿ ಕೂಗಲಿಲ್ಲ. ಅಳಲೂ ಇಲ್ಲ. ಅವನ ಮುಖವನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು.

"ಗೊತ್ತಿದ್ದೇ ಮಾಡಿದ್ರಿ" ಎಂದಳು. ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಅವನು ಅವಳ ಕಾಲು ಮುಟ್ಟಿದ. ಅವಳು ಕಾಲೆಳೆದುಕೊಂಡಳು. ಬಾಗಿಲಲ್ಲಿ ಸರಣ್ಯಾ ಸೌಟು ಹಿಡಿದು ನಿಂತಿದ್ದಳು. ಅಪ್ಪ ಹೇಳಿದ್ದೆಲ್ಲ ಅವಳಿಗೆ ಕೇಳಿಸಿತ್ತು. ಒಳಗೆ ಹೋಗಿ ಬೇಳೆ ತಿರುವಿದಳು.

ಸಂಜೆ ರಾಮಾಯಿ ಎದ್ದಾಗ ಎಲ್ಲ ಅಳಿಸಿತ್ತು. "ಯಾಕೆ ಮೊಕ ಹಿಂಗೆ ಬಾಡಿದೆ? ಉಂಡ್ರಾ ಇಲ್ವಾ?" ಎಂದು ಗಂಡನ ಹಣೆ ಮುಟ್ಟಿ ನೋಡಿದಳು. ಆ ಕೈ ತಾಗಿದಾಗ ನಂಜಪ್ಪನ್ನಿಗೆ ಸತ್ತುಹೋಗೋಣ ಎನ್ನಿಸಿತು.

ಊರಿಗೆ ಹೊರಡುವಾಗ ಸರಣ್ಯಾ ಬಾಗಿಲಲ್ಲಿ ನಿಂತು, ಅವನ ಮುಖ ನೋಡದೆ ಹೇಳಿದಳು. "ಅಪ್ಪಾ, ನಾಳಿಂದ ಹೇಳ್ಬೇಡ. ಇವತ್ತು ಲೀವು ಅಂತ ಹೇಳ್ಬುಡು. ನೀನು ಹೇಳ್ದಂಗೆಲ್ಲ ಅವ್ವಂಗೆ ಹೊಸ್ದಾಗಿ ನೋವು."

"ಅವ್ಳು ಕೇಳ್ತಾಳಲ್ಲವ್ವಾ."

"ಹಂಗಾದ್ರೆ ಮೊದ್ಲು ಹೇಳ್ತಿದ್ಯಲ್ಲ, ಅಷ್ಟೇ ಹೇಳು. ಅವ್ಳೂ ನೆಮ್ದಿಯಾಗಿರ್ತಾಳೆ, ನೀನೂ ಇರ್ತೀಯ."

ಸರಣ್ಯಾ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮರುದಿನ ಬೆಳಿಗ್ಗೆ ರಾಮಾಯಿ ಡಬ್ಬಿ ಹುಡುಕಿ, ಬಂದು ಎದುರಿಗೆ ಕೂತು, "ನಂಗೇನಾಗಿದೆ, ಹೇಳಿ" ಎಂದಾಗ ಅವನು ಹಳೆಯ ಮಾತನ್ನೇ ಶುರು ಮಾಡಿದ. ಜೆಟ್ ದೊಡ್ಡದು ಮಾಡಿದೆ, ಹೊಗೆ ಹೆಚ್ಚಾಯಿತು. ಅಲ್ಲಿಗೆ ನಿಲ್ಲಿಸಿದರೆ ಅವಳು ಸೆರಗು ತೆಗೆದು ಕಣ್ಣೊರೆಸುತ್ತಾಳೆ ಎಂದು ಗೊತ್ತಿತ್ತು. ಅವಳ ಕೈ ಆಗಲೇ ಸೆರಗಿಗೆ ಹೋಗಿತ್ತು. ಅದನ್ನು ನೋಡಿ ಅವನಿಗೆ ತಡೆಯಲಾಗದೆ, ಬುಧವಾರದ್ದನ್ನೂ ಹೇಳಿದ.

ಅಂದಿನಿಂದ ಪೂರ್ತಿಯೇ ಹೇಳುತ್ತಾನೆ. ಒಂದು ದಿನವಾದರೂ ಅವಳ ಬಾಯಲ್ಲಿ ಬೇರೆ ಮಾತು ಬಂದೀತು, ಬೈದಾದರೂ ಬೈದಾಳು ಎಂದು ಕಾಯುತ್ತಾನೆ. ಎರಡು ತಿಂಗಳಾಯಿತು. ಅವಳಿಗೆ ಅದು ದಿನಾ ಮೊದಲನೆಯ ಸಲ. ದಿನಾ ಅವನ ಮುಖವನ್ನು ಅಷ್ಟೇ ಹೊತ್ತು ನೋಡುತ್ತಾಳೆ, ಗೊತ್ತಿದ್ದೇ ಮಾಡಿದ್ರಿ ಎನ್ನುತ್ತಾಳೆ, ಗೋಡೆಯ ಕಡೆ ತಿರುಗುತ್ತಾಳೆ. ಅವನು ಎದ್ದು ಹೋಗಿ ಅವಳ ಮಧ್ಯಾಹ್ನದ ಊಟಕ್ಕೆ ಅಕ್ಕಿ ತೊಳೆಯುತ್ತಾನೆ.